ಪ್ಲೇಟ್‌ಲೆಟ್ ಕೊರತೆ ಮತ್ತು ಜಠರದ ಸೋಂಕು: ಸದಸ್ಯರ ಅಧ್ಯಯನಕ್ಕಾಗಿ



ಡೆಂಗಿ ಜ್ವರದ ಕಾರಣದಿಂದ ‘ಪ್ಲೇಟ್‌ಲೆಟ್’ ಎಂಬ ಪದ ಇಂದು ಪ್ರತಿ ಗ್ರಾಮದಲ್ಲಿಯೂ ಪರಿಚಿತವಾಗಿದೆ. ಡೆಂಗಿಯಲ್ಲಿ ಕುಸಿದ ಪ್ಲೇಟ್‌ಲೆಟ್ ಸಂಖ್ಯೆ ಸಾಮಾನ್ಯವಾಗಿ ಜ್ವರ ಇಳಿದ ಕೆಲವೇ ದಿನಗಳಲ್ಲಿ ಏರತೊಡಗುತ್ತದೆ. ಆದರೆ ಜ್ವರವಿಲ್ಲದೆಯೂ ತಿಂಗಳುಗಟ್ಟಲೆ ಈ ಸಂಖ್ಯೆ ಕಡಿಮೆಯಾಗಿಯೇ ಉಳಿಯುವ ವ್ಯಕ್ತಿಗಳೂ ಇರುತ್ತಾರೆ. ಅದಕ್ಕೆ ಇರುವ ಕಾರಣಗಳಲ್ಲಿ ಒಂದು ‘ಐಟಿಪಿ’, ಅಂದರೆ ಇಮ್ಯೂನ್ ಥ್ರಾಂಬೊಸೈಟೊಪೀನಿಯಾ. ಇಂತಹ ಕೆಲವರಲ್ಲಿ ಜಠರದ ಒಂದು ಸೋಂಕನ್ನು ಗುಣಪಡಿಸಿದರೆ ಪ್ಲೇಟ್‌ಲೆಟ್ ಸಂಖ್ಯೆಯೂ ಏರುತ್ತದೆ ಎಂಬುದು ಈ ಪಾಠದ ಮುಖ್ಯ ವಿಷಯ.

1. ಐಟಿಪಿ ಎಂದರೇನು?

ಗಾಯವಾದಾಗ ರಕ್ತಸ್ರಾವವನ್ನು ತಡೆಯುವ ಕಣಗಳೇ ಪ್ಲೇಟ್‌ಲೆಟ್‌ಗಳು. ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಬೇರೆ ಕಾರಣವಿಲ್ಲದೆ ಈ ಸಂಖ್ಯೆ 1 ಲಕ್ಷಕ್ಕಿಂತ ಕೆಳಗಿಳಿದಾಗ ವೈದ್ಯರು ಐಟಿಪಿಯನ್ನು ಶಂಕಿಸುತ್ತಾರೆ.

ಓವರ್‌ಹೆಡ್ ಟ್ಯಾಂಕಿನ ನೀರು ತಗ್ಗಲು ಎರಡು ಕಾರಣಗಳಿರಬಹುದು: ಪಂಪ್ ಸಾಕಷ್ಟು ನೀರೆತ್ತದಿರುವುದು ಅಥವಾ ನೀರು ಸೋರಿಹೋಗುವುದು. ಐಟಿಪಿಯಲ್ಲಿ ಮುಖ್ಯವಾಗಿ ಆಗುವುದು ಎರಡನೆಯದು. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಪ್ಲೇಟ್‌ಲೆಟ್‌ಗಳನ್ನು ಶತ್ರುಗಳೆಂದು ಭಾವಿಸಿ, ಗುಲ್ಮದಲ್ಲಿ ನಾಶಪಡಿಸುತ್ತದೆ. ಆದ್ದರಿಂದ ಪ್ಲೇಟ್‌ಲೆಟ್‌ಗಳನ್ನು ಹೊರಗಿನಿಂದ ಏರಿಸಿದರೂ ಅವು ಬಹುಕಾಲ ಉಳಿಯುವುದಿಲ್ಲ. ಈ ರೋಗವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

2. ಜಠರದ ಸೋಂಕಿಗೂ ಇದಕ್ಕೂ ಸಂಬಂಧವೇನು?

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬುದು ಜಠರದಲ್ಲಿ ನೆಲೆಸುವ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಇದಕ್ಕೂ ಜಠರದ ಉರಿಯೂತ ಹಾಗೂ ಹುಣ್ಣಿಗೂ ಇರುವ ಸಂಬಂಧವನ್ನು ತೋರಿಸಿ, 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1998ರಲ್ಲಿ ಇಟಲಿಯ ವೈದ್ಯರು, ಈ ಸೋಂಕನ್ನು ನಿವಾರಿಸಿದ ಐಟಿಪಿ ರೋಗಿಗಳಲ್ಲಿ ಪ್ಲೇಟ್‌ಲೆಟ್ ಏರಿಕೆಯಾದುದನ್ನು ವರದಿ ಮಾಡಿದರು. ಬ್ಯಾಕ್ಟೀರಿಯಾದ ವಿರುದ್ಧ ದೇಹವು ತಯಾರಿಸುವ ಪ್ರತಿಕಾಯಗಳು ಹೋಲಿಕೆಯ ಕಾರಣ ಪ್ಲೇಟ್‌ಲೆಟ್‌ಗಳಿಗೂ ಅಂಟಿಕೊಳ್ಳುತ್ತವೆ ಎಂಬುದು ಇದಕ್ಕೆ ನೀಡಲಾಗುವ ವಿವರಣೆಗಳಲ್ಲಿ ಒಂದು.

ಅನಂತರದ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ, ಸೋಂಕು ನಿವಾರಣೆಯಾದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪ್ರಯೋಜನವಾಗಿದೆ. ಸಂಖ್ಯೆ 30 ಸಾವಿರಕ್ಕಿಂತ ಕೆಳಗಿದ್ದವರಲ್ಲಿ ಫಲ ಕಡಿಮೆ. ಜಪಾನ್ ಹಾಗೂ ಇಟಲಿಯಲ್ಲಿ ಕಂಡಷ್ಟು ಫಲ ಎಲ್ಲ ದೇಶಗಳಲ್ಲಿಯೂ ಕಂಡಿಲ್ಲ. ಆದ್ದರಿಂದ ಇದು ಎಲ್ಲರಿಗೂ ಖಚಿತವಾದ ಪರಿಹಾರವಲ್ಲ. ಆದರೆ ಅಲ್ಪಾವಧಿಯ, ಕಡಿಮೆ ವೆಚ್ಚದ ಚಿಕಿತ್ಸೆಯಾದುದರಿಂದ ಪರೀಕ್ಷಿಸಿ ನೋಡಲು ಯೋಗ್ಯವಾಗಿದೆ.

3. ಪರೀಕ್ಷೆ ಮತ್ತು ಚಿಕಿತ್ಸೆ

ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದ ಆಂಟಿಜನ್ ಪರೀಕ್ಷೆಯಿಂದ ಸೋಂಕನ್ನು ಪತ್ತೆಹಚ್ಚಬಹುದು. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಎಂಡೋಸ್ಕೋಪಿಯಲ್ಲಿ ಮಾಂಸದ ತುಣುಕು ತೆಗೆದರೆ ರಕ್ತಸ್ರಾವದ ಅಪಾಯವಿರುವುದರಿಂದ ಈ ಪರೀಕ್ಷೆಗಳು ಹೆಚ್ಚು ಅನುಕೂಲಕರ. ರಕ್ತದ ಪ್ರತಿಕಾಯ ಪರೀಕ್ಷೆಯು ಹಳೆಯ ಸೋಂಕನ್ನೂ ತೋರಿಸುವುದರಿಂದ ಅದೊಂದನ್ನೇ ನಂಬಲಾಗದು. ಆಮ್ಲ ತಗ್ಗಿಸುವ ಮಾತ್ರೆ ಸೇವಿಸುತ್ತಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಅದು ಪರೀಕ್ಷೆಯ ಫಲಿತಾಂಶವನ್ನು ತಪ್ಪಿಸಬಹುದು.

ಸೋಂಕು ದೃಢಪಟ್ಟರೆ, ಆಮ್ಲ ತಗ್ಗಿಸುವ ಔಷಧದೊಂದಿಗೆ ಎರಡು ಅಥವಾ ಹೆಚ್ಚು ಔಷಧಗಳನ್ನು ಸಾಮಾನ್ಯವಾಗಿ 14 ದಿನ ನೀಡಲಾಗುತ್ತದೆ. ಮಾತ್ರೆಗಳನ್ನು ಮಧ್ಯದಲ್ಲಿ ಬಿಡುವುದೇ ಇಲ್ಲಿನ ದೊಡ್ಡ ತೊಡಕು. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿಯುವುದಲ್ಲದೆ ಔಷಧಕ್ಕೆ ಮಣಿಯದಂತಾಗುತ್ತದೆ. ನಮ್ಮ ದೇಶದಲ್ಲಿ ಕೆಲವು ಆಂಟಿಬಯಾಟಿಕ್‌ಗಳಿಗೆ ಈಗಾಗಲೇ ಪ್ರತಿರೋಧ ಹೆಚ್ಚಾಗಿದೆ. ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ ಮರುಪರೀಕ್ಷೆ ಅಗತ್ಯ. ಈ ಚಿಕಿತ್ಸೆ ನಡೆಯುತ್ತಿದೆಯೆಂದು ಐಟಿಪಿಗಾಗಿ ನೀಡಿದ ಇತರ ಔಷಧಗಳನ್ನು ತಾವಾಗಿಯೇ ನಿಲ್ಲಿಸಬಾರದು.

4. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಚರ್ಮದಲ್ಲಿ ಕೆಂಪು ಚುಕ್ಕೆ, ಕಾರಣವಿಲ್ಲದ ನೀಲಿ ಕಲೆ, ಪದೇ ಪದೇ ಮೂಗು ಅಥವಾ ವಸಡಿನಲ್ಲಿ ರಕ್ತ, ಅತಿಯಾದ ಮುಟ್ಟಿನ ಸ್ರಾವ ಕಂಡುಬಂದವರನ್ನು ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.

ಆ) ಕಪ್ಪು ಮಲ, ರಕ್ತವಾಂತಿ ಅಥವಾ ತೀವ್ರ ತಲೆನೋವು ಇದ್ದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡುವುದು.

ಇ) ಇಂತಹವರು ವೈದ್ಯರ ಸಲಹೆಯಿಲ್ಲದೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ಸೇವಿಸದಂತೆ ತಿಳಿಹೇಳುವುದು.

ಈ) ಔಷಧದ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ಖರೀದಿಸುವುದನ್ನು ನಿರುತ್ತೇಜಿಸುವುದು.

ಉ) ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಬಾಲ್ಯದಲ್ಲಿ, ಮನೆಯವರ ನಡುವೆ ಹರಡುತ್ತದೆ. ಕೈತೊಳೆಯುವಿಕೆ, ಶೌಚಾಲಯ ಬಳಕೆ ಹಾಗೂ ಕುಡಿಯುವ ನೀರಿನ ಶುದ್ಧತೆಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಪರಿಶೀಲಿಸುವುದು.

ಊ) ರೋಗಿಯ ಹೆಸರನ್ನು ಗ್ರಾಮಸಭೆಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಪ್ರಸ್ತಾಪಿಸದಿರುವುದು.

ರೋಗನಿರ್ಣಯ ಮತ್ತು ಔಷಧದ ಆಯ್ಕೆ ವೈದ್ಯರದೇ. ಆದರೆ ‘ಜಠರದ ಸೋಂಕಿನ ಪರೀಕ್ಷೆ ಆಗಿದೆಯೇ?’ ಎಂದು ವೈದ್ಯರನ್ನು ಕೇಳುವಂತೆ ರೋಗಿಗೆ ತಿಳಿಸುವುದು ಮತ್ತು ಆರಂಭಿಸಿದ ಮಾತ್ರೆಗಳನ್ನು ಪೂರ್ಣಗೊಳಿಸುವಂತೆ ನೋಡಿಕೊಳ್ಳುವುದು ಸದಸ್ಯರಿಂದ ಸಾಧ್ಯ. ಮುಂದಿನ ಮಾಸಿಕ ಸಭೆಯಲ್ಲಿ ಈ ಪಾಠವನ್ನು ಓದಿ, ಆರೋಗ್ಯ ಸಿಬ್ಬಂದಿಯ ಸಮ್ಮುಖದಲ್ಲಿ ಚರ್ಚಿಸಬೇಕಾಗಿ ಕೋರಲಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ