‘ವೆಲ್ಹಾ’ ಮತ್ತು ‘ಹಳೆಯ’: ಒಂದು ಲ್ಯಾಟಿನ್ ಗುಣವಾಚಕದ ಪರಿಶೀಲನೆ

ಗೋವೆಯ ತಿಸವಾಡಿ ತಾಲ್ಲೂಕಿನಲ್ಲಿ ‘ವೆಲ್ಹಾ ಗೋವಾ’, ‘ಗೋವಾ ವೆಲ್ಹಾ’ ಎಂಬ ಎರಡು ಊರುಗಳಿವೆ. ಮೊದಲನೆಯದು ಮಾಂಡವಿ ನದಿಯ ದಡದಲ್ಲಿದೆ. ಪೋರ್ಚುಗೀಸರು 1510ರಲ್ಲಿ ವಶಪಡಿಸಿಕೊಂಡು ಮುಂದೆ ರಾಜಧಾನಿಯಾಗಿಸಿಕೊಂಡ ನಗರವಿದು. ಎರಡನೆಯದು ಜುವಾರಿ ನದಿಯ ದಡದಲ್ಲಿದೆ. ಕನ್ನಡ ಶಾಸನಗಳನ್ನು ಬರೆಯಿಸಿದ ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣವಿದ್ದ ನೆಲೆಯಿದು. ಕನ್ನಡಿಸಿದರೆ ಎರಡೂ ‘ಹಳೆಯ ಗೋವೆ’ಯೇ ಆಗುತ್ತವೆ. ಈ ಹೆಸರುಗಳಲ್ಲಿರುವ ಗುಣವಾಚಕದ ಮೂಲವನ್ನೂ ವ್ಯಾಕರಣವನ್ನೂ ಅರಿಯುವುದು ಆದುದರಿಂದ ಉಪಯುಕ್ತ.

ಮೂಲ: ಲ್ಯಾಟಿನ್ನಿನಲ್ಲಿ ‘ಹಳೆಯ’ ಎಂಬರ್ಥದ ಪದ ‘ವೆತುಸ್’. ಇದು ಮೊದಲು ‘ವರ್ಷ’ ಎಂಬರ್ಥದ ನಾಮಪದವಾಗಿದ್ದು, ಬಳಿಕ ‘ವರ್ಷಗಳು ಸಂದ’ ಎಂಬ ಗುಣವಾಚಕವಾಯಿತೆಂದು ಭಾಷಾವಿಜ್ಞಾನಿಗಳು ವಿವರಿಸುತ್ತಾರೆ. ಸಂಸ್ಕೃತದ ‘ವತ್ಸರ’ ಇದರ ಜ್ಞಾತಿಪದ, ‘ಸಂವತ್ಸರ’ದಲ್ಲಿರುವುದೂ ಅದೇ. ‘ವೆತುಸ್’ಗೆ ಅಲ್ಪಾರ್ಥಕ ಪ್ರತ್ಯಯ ಸೇರಿ ‘ವೆತುಲುಸ್’ ಆಯಿತು. ಆಡುಮಾತಿನಲ್ಲಿ ನಡುವಣ ಸ್ವರ ಲೋಪವಾಗಿ, ತಕಾರವು ಕಕಾರವಾಗಿ ‘ವೆಕ್ಲುಸ್’ ಎಂಬ ರೂಪ ಹುಟ್ಟಿತು. ಅಂದಿನ ವೈಯಾಕರಣರು ಅಪಶಬ್ದವೆಂದು ತಿದ್ದಿದ ಈ ರೂಪವೇ ಉಳಿದು, ಇಟಾಲಿಯನ್ನಿನ ‘ವೆಕ್ಕಿಯೊ’ಗೂ ಪೋರ್ಚುಗೀಸಿನ ‘ವೆಲ್ಹೊ’ಗೂ ತಾಯಿಯಾಯಿತು.

ವ್ಯಾಕರಣ: ‘ವೆತುಸ್’ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಗಳಿಗೂ ಒಂದೇ. ‘ವೆತುಲುಸ್’ ಹಾಗಲ್ಲ: ಪುಲ್ಲಿಂಗದಲ್ಲಿ ವೆತುಲುಸ್, ಸ್ತ್ರೀಲಿಂಗದಲ್ಲಿ ವೆತುಲಾ, ನಪುಂಸಕದಲ್ಲಿ ವೆತುಲುಮ್. ಪೋರ್ಚುಗೀಸಿನಲ್ಲಿ ನಪುಂಸಕ ಅಳಿದು ವೆಲ್ಹೊ, ವೆಲ್ಹಾ ಎಂಬೆರಡೇ ಉಳಿದವು. ‘ಗೋವಾ’ ಆ ಭಾಷೆಯಲ್ಲಿ ಸ್ತ್ರೀಲಿಂಗವಾದುದರಿಂದ ‘ವೆಲ್ಹಾ’ ಎಂಬ ರೂಪ ಬಂದಿದೆ. 1843ರಲ್ಲಿ ರಾಜಧಾನಿಯಾದ ಪಣಜಿಗೆ ‘ನೋವಾ ಗೋವಾ’, ಅಂದರೆ ಹೊಸ ಗೋವೆ, ಎಂಬ ಹೆಸರು ಬಂದುದೂ ಇದೇ ನಿಯಮದಿಂದ.

ಕನ್ನಡದೊಡನೆ ಹೋಲಿಕೆ: ಹಳಗನ್ನಡದ ‘ಪೞೆಯ’ ಎಂಬುದರಲ್ಲಿ ಪಕಾರ ಹಕಾರವಾಗಿ, ೞಕಾರ ಳಕಾರವಾಗಿ ‘ಹಳೆಯ’ ಬಂದಿದೆ. ಧ್ವನಿ ಬದಲಾದರೂ ವಿಶೇಷ್ಯದ ಲಿಂಗವಚನಗಳನ್ನು ಅದು ಅನುಸರಿಸುವುದಿಲ್ಲ: ಹಳೆಯ ಗೆಳೆಯ, ಹಳೆಯ ಗೆಳತಿ, ಹಳೆಯ ಮನೆಗಳು. ವಿಶೇಷ್ಯವನ್ನು ಬಿಟ್ಟು ತಾನೇ ನಿಂತಾಗ ಮಾತ್ರ ಹಳೆಯವನು, ಹಳೆಯವಳು, ಹಳೆಯದು ಎಂದು ಲಿಂಗಸೂಚಕ ಪ್ರತ್ಯಯ ಪಡೆಯುತ್ತದೆ.

ಸ್ಥಾನದಲ್ಲೂ ಭೇದವುಂಟು. ಕನ್ನಡದ ಗದ್ಯದಲ್ಲಿ ಗುಣವಾಚಕ ವಿಶೇಷ್ಯದ ಹಿಂದೆಯೇ ನಿಲ್ಲಬೇಕು. ‘ಹಳೇಬೀಡು’ ಎಂಬುದನ್ನು ತಿರುಗಿಸಿ ಇನ್ನೊಂದು ಊರಿಗೆ ಹೆಸರಿಡಲಾಗದು. ಪೋರ್ಚುಗೀಸಿನಲ್ಲಿ ಎರಡು ಕ್ರಮವೂ ಸಾಧು. ಕೆಲವೊಮ್ಮೆ ಅರ್ಥವೂ ಬೇರಾಗುತ್ತದೆ. ‘ವೆಲ್ಹೊ ಅಮಿಗೊ’ ಬಹುಕಾಲದ ಗೆಳೆಯ. ‘ಅಮಿಗೊ ವೆಲ್ಹೊ’ ವಯಸ್ಸಾದ ಗೆಳೆಯ. ಗೋವೆಯಲ್ಲಿ ಈ ಪದಕ್ರಮವೇ ಎರಡು ರಾಜಧಾನಿಗಳನ್ನು ಬೇರ್ಪಡಿಸಿದೆ. ಅದನ್ನು ಗಮನಿಸದೆ ‘ಹಳೆಯ ಗೋವೆ’ ಎಂದಷ್ಟೇ ಬರೆದರೆ, ಕದಂಬರ ಪಟ್ಟಣವು ಜುವಾರಿಯ ದಡವನ್ನು ಬಿಟ್ಟು ಮಾಂಡವಿಯ ದಡದ ಚರ್ಚುಗಳ ನಡುವೆ ಹೋಗಿ ನಿಲ್ಲುತ್ತದೆ. ಸ್ಥಳನಾಮಗಳನ್ನು ಅನುವಾದಿಸದೆ ಮೂಲರೂಪದಲ್ಲಿಯೇ ಉಳಿಸಿಕೊಳ್ಳಬೇಕೆಂಬುದಕ್ಕೆ ಶಾಸನಾಧ್ಯಯನದ ವಿದ್ಯಾರ್ಥಿಗಳಿಗೆ ಇದೊಂದು ನಿದರ್ಶನ.