ಕೂಸುಗಳ ಭೇದಿ: ಕಾರಣ ಮತ್ತು ಉಪಚಾರ



ಮಳೆಗಾಲದ ಹೊಸ ನೀರು ಬಂದೊಡನೆ ನಮ್ಮ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಟ್ಟೆ ಜಾಡಿಸುವುದುಂಟು. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದು ಭೇದಿ. ಹಲ್ಲು ಬರುವುದಾಗಲಿ ದೃಷ್ಟಿ ತಾಗುವುದಾಗಲಿ ಇದಕ್ಕೆ ಕಾರಣವಲ್ಲ. ಮಲದಲ್ಲಿನ ರೋಗಾಣುಗಳು ನೀರು, ಕೈ, ನೊಣಗಳ ಮೂಲಕ ಬಾಯಿ ಸೇರುವುದೇ ಕಾರಣ. ಮೈಯೊಳಗಿನ ನೀರು, ಉಪ್ಪು ಬತ್ತುವುದರಿಂದ ಕೂಸಿನ ಪ್ರಾಣಕ್ಕೆ ಕುತ್ತು ಬರುತ್ತದೆ. ನೀರು ತಪ್ಪಿದರೆ ಅಡಿಕೆ ಮರ ಕೆಲದಿನ ತಾಳೀತು, ಸಸಿ ತಾಳದು. ಕೂಸಿನ ಸ್ಥಿತಿಯೂ ಹಾಗೆಯೇ.

ಯಾವ ಕೂಸಿಗೆ ಅಪಾಯ ಹೆಚ್ಚು?

1. ಆರು ತಿಂಗಳು ತುಂಬುವ ಮೊದಲೇ ತಾಯಿಹಾಲಿನ ಬದಲು ಬಾಟಲಿ ಹಾಲು ಕುಡಿಯುವ ಕೂಸಿಗೆ.

2. ತೂಕ ಕಡಿಮೆಯಿರುವ, ದಡಾರದ ಚುಚ್ಚುಮದ್ದು ಮತ್ತು ರೋಟಾವೈರಸ್ ಲಸಿಕೆ ಹಾಕಿಸದ ಕೂಸಿಗೆ. ರೋಟಾ ಲಸಿಕೆಯನ್ನು 6, 10, 14ನೆಯ ವಾರಗಳಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ.

3. ಕೂಸಿನ ಮಲವನ್ನು ಹಿತ್ತಲಿಗೆ ಎಸೆಯುವ ಮನೆಯಲ್ಲಿ. ಅದನ್ನು ಪಾಯಖಾನೆಗೆ ಹಾಕಿ, ಸಾಬೂನಿನಿಂದ ಕೈ ತೊಳೆಯಬೇಕು.

4. ಕೊಡಕ್ಕೆ ಕೈ ಅದ್ದಿ ನೀರು ತೆಗೆಯುವ ಮನೆಯಲ್ಲಿ. ಬೋರಿನ ನೀರು ಚೊಕ್ಕಟವಿದ್ದರೂ ಕೊಡದಲ್ಲಿ ಕೆಡುತ್ತದೆ. ಮುಚ್ಚಳವೂ ಹಿಡಿಕೆಯ ಸೌಟೂ ಇರಲಿ.

5. ಅಡಿಕೆ ಸುಲಿಯುವ ಕಾಲದಲ್ಲಿ. ತಾಯಿ ರಾತ್ರಿಯವರೆಗೆ ಸುಲಿಯುತ್ತ ಕೂತಿರುತ್ತಾಳೆ; ಮುಂಜಾನೆಯ ತಂಗಳನ್ನೇ ಸಂಜೆ ಕೂಸಿಗೆ ತಿನಿಸುವಂತಾಗುತ್ತದೆ. ಇದು ತಾಯಿಯ ತಪ್ಪಲ್ಲ. ಆಕೆಗೆ ಹೊತ್ತುಹೊತ್ತಿಗೆ ಬಿಡುವು ಕೊಡುವುದು ತೋಟದ ಯಜಮಾನರ ಹೊಣೆ.

ಉಪಚಾರ

ಭೇದಿಯಾದಾಗ ಹಾಲು, ನೀರು ನಿಲ್ಲಿಸುವ ರೂಢಿ ಘಾತಕವಾದುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸು ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇಂದಿನ ಓ.ಆರ್.ಎಸ್. ಪೊಟ್ಟಣದ ತತ್ವವೂ ಅದೇ.

ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿರಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಚಮಚದಿಂದ ಕುಡಿಸಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು ನಿಧಾನವಾಗಿ ಮತ್ತೆ ಕೊಡಿರಿ. 24 ತಾಸಿನ ನಂತರ ಉಳಿದುದನ್ನು ಚೆಲ್ಲಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು, ಉಪ್ಪು ಹೆಚ್ಚಾಗಬಾರದು. ತಾಯಿಹಾಲು, ಮೆತ್ತಗಿನ ಅನ್ನ ಮುಂದುವರಿಯಲಿ.

ಜೊತೆಗೆ ಸತು (ಜಿಂಕ್) ಗುಳಿಗೆಯನ್ನು 14 ದಿನ ಕೊಡಬೇಕು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳಿನವರಿಗೆ 10 ಮಿ.ಗ್ರಾಂ. ಭೇದಿ ನಿಂತರೂ ಬಿಡಬಾರದು. ಓ.ಆರ್.ಎಸ್. ಮತ್ತು ಗುಳಿಗೆಗಾಗಿ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಕಣ್ಣು ಗುಳಿ ಬೀಳುವುದು, ಮೂತ್ರ ಕಡಿಮೆಯಾಗುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಸಮವಾಗುವುದು, ಮಂಕಾಗಿ ಏನನ್ನೂ ಕುಡಿಯದಿರುವುದು, ಮಲದಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿನ ಕೂಸನ್ನಂತೂ ಭೇದಿ ಕಂಡ ದಿನವೇ ವೈದ್ಯರಿಗೆ ತೋರಿಸಿರಿ. ಹೋಗುವ ದಾರಿಯಲ್ಲೂ ಕುಡಿಸುತ್ತಿರಿ.

ತೋಟಕ್ಕೆ ಔಷಧ ತರುವ ಸದಸ್ಯರು ಎರಡು ಓ.ಆರ್.ಎಸ್. ಪೊಟ್ಟಣಗಳನ್ನೂ ತಂದು ಮನೆಯಲ್ಲಿರಿಸಬೇಕೆಂದು ವಿನಂತಿ.