ಮೀನುತೊಟ್ಟಿಯ ನೀರು: ಯಂತ್ರಶೋಧನೆಯೋ, ನಿಯತ ಬದಲಾವಣೆಯೋ?

ನಗರವಾಸಿಗಳ ಮನೆಗಳಲ್ಲಿ ಅಲಂಕಾರದ ಮೀನುಗಳನ್ನು ಸಾಕುವ ಹವ್ಯಾಸವು ವ್ಯಾಪಕವಾಗಿದೆ. ಗಾಜಿನ ತೊಟ್ಟಿಯೊಡನೆ ದುಬಾರಿಯಾದ ಸ್ವಯಂಚಾಲಿತ ಶೋಧಕಗಳೂ ಮಾರಾಟಕ್ಕೆ ಬಂದಿವೆ. ಇವನ್ನು ಅಳವಡಿಸಿದರೆ ತಿಂಗಳುಗಟ್ಟಲೆ ನೀರು ಬದಲಾಯಿಸಬೇಕಾಗಿಲ್ಲವೆಂಬ ಭರವಸೆಯನ್ನು ಅಂಗಡಿಯವರು ನೀಡುವುದುಂಟು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೀನುಗಳು ಒಂದೊಂದಾಗಿ ಸಾಯತೊಡಗಿದಾಗ ಮನೆಯವರಿಗೆ ಕಾರಣವೇ ಹೊಳೆಯದು.

ಮೀನು ತನ್ನ ದೇಹದ ಸಾರಜನಕಯುಕ್ತ ತ್ಯಾಜ್ಯವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಇದೇ ವಸ್ತು ಉಂಟಾಗುತ್ತದೆ. ಶೋಧಕದ ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಅಲ್ಪ ಪ್ರಮಾಣದಲ್ಲಿಯೇ ವಿಷಕಾರಿ. ನೈಟ್ರೇಟ್ ಅಷ್ಟು ಉಗ್ರವಲ್ಲ. ಸಾಮಾನ್ಯ ಶೋಧಕದ ಕಾರ್ಯ ಇಲ್ಲಿಗೆ ಮುಗಿಯುತ್ತದೆ. ಜಲಸಸ್ಯಗಳು ಹೀರಿಕೊಂಡು ಉಳಿದ ನೈಟ್ರೇಟ್ ತೊಟ್ಟಿಯಲ್ಲಿಯೇ ಶೇಖರವಾಗುತ್ತದೆ. ಅದನ್ನು ನಿವಾರಿಸುವ ವಿಶೇಷ ಸಾಧನಗಳು ಇಲ್ಲದಿಲ್ಲ. ಆದರೆ ಅವುಗಳ ಆರೈಕೆಯೇ ಒಂದು ಪ್ರತ್ಯೇಕ ಉದ್ಯೋಗ.

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯು ಸುಮಾರು 100 ಲೀಟರ್ ನೀರನ್ನು ಹಿಡಿಯುತ್ತದೆ. ಅದರಲ್ಲಿ ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂನಂತೆ ನೈಟ್ರೇಟ್ ಸೇರುತ್ತದೆಂದು ಭಾವಿಸೋಣ. ನೀರನ್ನು ಬದಲಾಯಿಸದಿದ್ದರೆ 12 ವಾರಗಳಲ್ಲಿ ಅದು 120 ಮಿಲಿಗ್ರಾಂ ಆಗುತ್ತದೆ. ಪ್ರತಿವಾರ 25 ಲೀಟರ್, ಅಂದರೆ ಸುಮಾರು ಎರಡು ಬಕೆಟ್ ನೀರನ್ನು ತೆಗೆದು ಹೊಸ ನೀರು ತುಂಬಿದರೆ, ಎಷ್ಟು ಕಾಲ ಕಳೆದರೂ ಅದು 40ನ್ನು ಮೀರದು.

ಆವಿಯಾದಷ್ಟು ನೀರನ್ನು ಮಾತ್ರ ಮೇಲಿನಿಂದ ತುಂಬುವುದು ಬದಲಾವಣೆಯಲ್ಲ. ಆವಿಯೊಡನೆ ಲವಣಗಳು ಹೋಗುವುದಿಲ್ಲ. ಇನ್ನೂ ಅಪಾಯಕರವಾದುದು, ತಿಂಗಳುಗಟ್ಟಲೆ ಸುಮ್ಮನಿದ್ದು ಒಂದೇ ದಿನ ಎಲ್ಲ ನೀರನ್ನೂ ಬದಲಾಯಿಸುವ ಅತ್ಯುತ್ಸಾಹ. ಹಳೆಯ ನೀರು ಕ್ರಮೇಣ ಆಮ್ಲೀಯವಾಗುತ್ತದೆ. ಅದರಲ್ಲಿ ಅಮೋನಿಯಾ ಬಹುತೇಕ ನಿರಪಾಯ ರೂಪದಲ್ಲಿ ಅಡಗಿರುತ್ತದೆ. ಕ್ಷಾರೀಯವಾದ ಹೊಸ ನೀರು ಧಾರಾಳವಾಗಿ ಸೇರಿದೊಡನೆ ಉಳಿದ ಅಮೋನಿಯಾ ವಿಷರೂಪವನ್ನು ತಾಳಬಹುದು. ಹೊಸ ನೀರೇ ಮೀನನ್ನು ಕೊಂದಿತೆಂದು ಮನೆಯವರು ತಿಳಿಯುವುದು ಸಹಜ.

ಹಾಗೆಂದು ಶೋಧಕವೇ ಬೇಡವೆಂದಲ್ಲ. ಚಿಕ್ಕ ಗಾಳಿಪಂಪಿನಿಂದ ನಡೆಯುವ ಸ್ಪಂಜು ಶೋಧಕವು ಮಿತಸಂಖ್ಯೆಯ ಮೀನುಗಳಿಗೆ ಸಾಕು. ಸ್ಪಂಜನ್ನು ನಲ್ಲಿಯಡಿ ತೊಳೆದರೆ ಕ್ಲೋರಿನ್‌ನಿಂದ ಬ್ಯಾಕ್ಟೀರಿಯಗಳು ನಾಶವಾಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಹಿಂಡಬೇಕು. ಮುಚ್ಚಿದ ಡಬ್ಬಿಯಂತಹ ದೊಡ್ಡ ಶೋಧಕಗಳಲ್ಲಿ, ವಿದ್ಯುತ್ ಬಹಳ ಹೊತ್ತು ಕೈಕೊಟ್ಟರೆ ಪ್ರಾಣವಾಯುವಿಲ್ಲದೆ ಈ ಜೀವಿಗಳು ಸಾಯುತ್ತವೆ. ವಿದ್ಯುತ್ ಮರಳಿದಾಗ ಒಳಗಿನ ಕೊಳೆನೀರು ನೇರವಾಗಿ ತೊಟ್ಟಿಗೆ ಹರಿಯುತ್ತದೆ.

ನೀರಿನ ಅಭಾವವಿರುವೆಡೆ ವಾರಕ್ಕೆರಡು ಬಕೆಟ್ ಕೂಡ ಭಾರವೆನಿಸಬಹುದು. 2019ರ ಬೇಸಗೆಯಲ್ಲಿ ಚೆನ್ನೈನ ಜಲಾಶಯಗಳು ಬತ್ತಿದಾಗ ಜನರು ಟ್ಯಾಂಕರುಗಳ ಮುಂದೆ ಕೊಡಗಳನ್ನು ಸಾಲಿಟ್ಟು ಕಾಯಬೇಕಾಯಿತು. ಅಂತಹ ಊರುಗಳಲ್ಲಿ ಯಂತ್ರಕ್ಕೆ ಹಣ ಸುರಿಯುವ ಬದಲು ಮೀನುಗಳ ಸಂಖ್ಯೆಯನ್ನೂ ಆಹಾರವನ್ನೂ ಕಡಿಮೆ ಮಾಡುವುದು ಲೇಸು. ತೆಗೆದ ನೀರನ್ನು ಚೆಲ್ಲಬೇಕಾಗಿಲ್ಲ. ಅದರಲ್ಲಿರುವ ನೈಟ್ರೇಟ್ ಸಸ್ಯಗಳಿಗೆ ಗೊಬ್ಬರ. ಹೊಸದಾಗಿ ತುಂಬುವ ನಲ್ಲಿ ನೀರನ್ನು ಮಾತ್ರ ಹಿಂದಿನ ದಿನವೇ ಬಾಯಗಲದ ಪಾತ್ರೆಯಲ್ಲಿ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಬಳಸಬೇಕು. ಆ ದಿನ ಬಾಲ್ಕನಿಯ ಹೂಕುಂಡಗಳಿಗೆ ಬೇರೆ ನೀರು ಬೇಕಾಗುವುದಿಲ್ಲ.